ಎರಡು ಬೈಕು, ಒಂದು ಸದ್ದು

ಬಸ್ಸಿಗೆ ಕಾಯುತ್ತಿದ್ದ ಟೈಲರ್‌ಗೆ ಪಕ್ಕದವರ ಮಾತಿಗೆ ಕಿವಿಗೊಡುವ ಚಟ ಮೊದಲಿಂದಲೂ ಇತ್ತು. ಅವನ ಬೆಂಚಿನಲ್ಲೇ ಕೂತಿದ್ದ ಅತ್ತಿಗೆ, ಮೈದುನ ಆಗಷ್ಟೇ ಒಬ್ಬ ಅಜ್ಜಿ ಮಾರಾಟಕ್ಕಿಟ್ಟಿದ್ದ ಹಳೇ ಬೈಕ್ ನೋಡಿಕೊಂಡು ಬಂದಿದ್ದರು.

"ತಗೊಂಡುಬಿಡೋಣ ಅತ್ತಿಗೆ. ಅಣ್ಣನ ಗಾಡಿಗೆ ಬೇಕಾದ ಗೇರ್‌ಬಾಕ್ಸ್ ಇನ್ನೆಲ್ಲೂ ಸಿಗಲ್ಲ. ಕಂಪನಿನೇ ಮುಚ್ಚಿಹೋಗಿದೆ."

"ಅದನ್ನ ಬಿಚ್ಕೊಂಡ್ರೆ ಈ ಗಾಡಿ?"

"ಗುಜರಿಗೆ."

"ಆ ಅಜ್ಜಿ ಹೇಳಿದ್ದು ಕೇಳಿಸ್ಕೊಂಡ್ಯಾ? 'ನಮ್ಮೆಜಮಾನ್ರ ಗಾಡಿ, ಈ ಬೀದೀಲಿ ಓಡಿಸ್ತಾ ಇರಿ, ಸದ್ದು ಕೇಳಿದ್ರೆ ಸಾಕು' ಅಂದ್ರು. ನೀನು ಹೂಂ ಅಂದೆ."

"ಕೋಳೀನ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ?"

"ನಾನೂ ಹೂಂ ಅಂದ್ಬಿಟ್ಟೆ ಕಣೋ. ಅದೇ ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ."

"ಅಣ್ಣ ಹೋದ್ಮೇಲೆ ಆ ಸದ್ದು ಒಂದ್ಸಲ ಕೇಳ್ಬೇಕು ಅಂತ ಅತ್ತೋರು ನೀವೇ ಅಲ್ವಾ?"

"ಅವ್ರೂ ಅದನ್ನೇ ಕೇಳ್ತಿದಾರಲ್ಲೋ."

ಮೈದುನ ಅಜ್ಜಿಯ ಬೀದಿಯ ಕಡೆ ತಿರುಗಿ ನೋಡಿದ.

"ಆ ಗಾಡಿ ತಗೋ, ಓಡಿಸು. ಮುಂದೆ ಏನಾದ್ರೂ ಕೆಟ್ರೆ, ನಿಮ್ಮಣ್ಣನ ಗಾಡಿಯಿಂದ ಬಿಚ್ಚಿ ಹಾಕು."

"ಅಣ್ಣಂದನ್ನ ನಾನು ಬಿಚ್ಚಬೇಕಾ?"

"ಇನ್ಯಾರ ಕೈಗೆ ಕೊಡ್ಲಿ? ಎರಡೂ ಒಂದೇ ಥರದ ಗಾಡಿ. ಸದ್ದೂ ಒಂದೇ ಅಲ್ವಾ?"

"ಒಂದೇ ಇರಲ್ಲ ಅತ್ತಿಗೆ."

"ಗೊತ್ತು ಕಣೋ."

ಬಸ್ಸು ಬಂತು. ಟೈಲರ್ ಹತ್ತಿ ತಿರುಗಿ ನೋಡಿದ. ಅವರಿಬ್ಬರೂ ಬಸ್ಸು ಬಿಟ್ಟು, ಬಂದ ಬೀದಿಯಲ್ಲೇ ಹಿಂದಕ್ಕೆ ನಡೆಯುತ್ತಿದ್ದರು.