ವಾರಿಜಾಳನ್ನು ಹುಡುಕಿಕೊಂಡು ಹೋದ ರುಖಿಯಾ ಅವರ ವಿಷಯವಾಗಿ

ಹೇಳಿಕೆ ಕೊಟ್ಟವರು: ಉರ್ಸುಲಾ ಮೊಂತೇರೊ, ಪ್ರಾಯ 61 ವರ್ಷ, ಗಂಡ: ಕಜೆಟನ್ ಮೊಂತೇರೊ, ಉದ್ಯೋಗ: ನಿವೃತ್ತ ನರ್ಸ್, ವಾಸ: ಹಳೆಯ ಹೆಂಚಿನ ಕಾರ್ಖಾನೆಯ ಹಿಂಬದಿ, ಜೆಪ್ಪು, ಮಂಗಳೂರು.

ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲಿನ ವಿಳಾಸದಲ್ಲಿ ಗಂಡನೊಂದಿಗೆ ವಾಸವಾಗಿದ್ದೇನೆ. ಕುವೈಟ್‌ನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಐದು ವರ್ಷದ ಹಿಂದೆ ಊರಿಗೆ ಬಂದವಳು. ನಿನ್ನೆ ನಮ್ಮ ನೆರೆಯ ಫ್ಲಾಟಿನ ರುಖಿಯಾ ಅವರು ಕಾಣೆಯಾಗಿ ಸಂಜೆಗೆ ಸಿಕ್ಕಿದ ವಿಷಯದಲ್ಲಿಯೂ, ಅದಕ್ಕೆ ಕಾರಣವೆಂದು ಹೇಳಲಾದ ನನ್ನ ಬ್ಲಾಗ್‌ನ ವಿಷಯದಲ್ಲಿಯೂ ಠಾಣೆಯಲ್ಲಿ ತಾವು ವಿಚಾರಿಸಿದ್ದರಿಂದ ನನಗೆ ಗೊತ್ತಿರುವುದನ್ನು ಹೇಳುತ್ತಿದ್ದೇನೆ.

ಬ್ಲಾಗ್‌ನ ಹೆಸರು ‘ಜೆಪ್ಪು ಜಗಲಿ’. ಅದನ್ನು ಯಾಕೆ ಶುರು ಮಾಡಿದ್ದು ಎಂದು ತಾವು ಕೇಳಿದಿರಿ. ಕುವೈಟ್‌ನಲ್ಲಿ ನನ್ನ ಕೋಣೆಯಲ್ಲಿದ್ದ ಕೇರಳದ ನರ್ಸ್‌ಗೆ ನಾನು ದಿನಾ ಜೆಪ್ಪುವಿನ ವಿಷಯ ಹೇಳುತ್ತಿದ್ದೆ. ಯಾರ ಗೇಟಿನ ಹತ್ತಿರ ಯಾವ ಹೂವು, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ ಎಂಬುದು ಸಹ ಆಕೆಗೆ ಬಾಯಿಪಾಠವಾಗಿತ್ತು. ಊರಿಗೆ ಬಂದು ನೋಡಿದರೆ ನಾನು ಹೇಳುತ್ತಿದ್ದ ಮನೆಗಳಲ್ಲಿ ಹೆಚ್ಚಿನವು ಇರಲಿಲ್ಲ. ಆ ಜಾಗಗಳಲ್ಲಿ ಫ್ಲಾಟ್ ಎದ್ದಿತ್ತು. ನಾನು ಹುಟ್ಟಿದ ಓಣಿಯಲ್ಲಿಯೇ ಒಬ್ಬರು ನನ್ನನ್ನು ತಡೆದು ಯಾರನ್ನು ನೋಡಲು ಬಂದದ್ದೆಂದು ಕೇಳಿದರು. ಆ ದಿವಸ ಮನೆಗೆ ಬಂದು ಊಟ ಮಾಡಲಿಲ್ಲ. ಇಲ್ಲಿಂದ ಹೋದವರು, ಇಲ್ಲಿಗೆ ಬಂದವರು ಎಲ್ಲರೂ ಒಂದೇ ಕಡೆ ಬರೆದರೆ ಒಬ್ಬರಿಗೊಬ್ಬರು ಗುರುತಾಗಬಹುದು ಎಂದು ನನಗೆ ಅನಿಸಿತು. ಕಳೆದ ಜೂನ್‌ನಲ್ಲಿ ನನ್ನ ತಂಗಿಯ ಮಗ ಮೆಲ್ವಿನ್ ರಜೆಯಲ್ಲಿ ಬಂದಿದ್ದಾಗ ಬ್ಲಾಗ್ ತೆರೆದು ಕೊಟ್ಟ. ಇದರಲ್ಲಿ ಜಾಹೀರಾತು ಇಲ್ಲ, ಯಾವುದೇ ಪಕ್ಷ ಅಥವಾ ಸಂಘಟನೆಗೆ ಇದು ಸೇರಿದ್ದಲ್ಲ.

ಮೊದಲಿಗೆ ಯಾರೂ ಬರೆಯಲಿಲ್ಲ. ಬೇಕರಿಯಲ್ಲಿ, ಚರ್ಚಿನ ಬೋರ್ಡಿನಲ್ಲಿ, ಮಸೀದಿಯ ಎದುರಿನ ಜಿನಸು ಅಂಗಡಿಯಲ್ಲಿ, ಫ್ಲಾಟ್‌ಗಳ ಲಿಫ್ಟ್‌ಗಳಲ್ಲಿ ಚೀಟಿ ಅಂಟಿಸಿದೆ. ಮಳೆಗಾಲ ಪೂರ್ತಿ ಬರೆದದ್ದು ನಾನು ಮತ್ತು ನನ್ನ ಗಂಡ ಮಾತ್ರ. ಅವರು ಹಳೆಯ ಫುಟ್‌ಬಾಲ್ ಪಂದ್ಯವೊಂದರ ಬಗ್ಗೆ ಬರೆದು, ಓದಿದವರು ನಾಲ್ಕೇ ಜನ ಎಂದು ತಿಳಿದು ಎರಡು ದಿನ ಸಿಟ್ಟಿನಲ್ಲಿದ್ದರು. ಆ ನಾಲ್ವರಲ್ಲಿ ನಾನೂ ಒಬ್ಬಳು ಎಂಬುದನ್ನು ಅವರಿಗೆ ಹೇಳಲಿಲ್ಲ. ಆ ಮೇಲೆ ನಾನು ಮನೆಮನೆಗೆ ಹೋಗತೊಡಗಿದೆ. ‘ಬರೆಯಿರಿ’ ಎಂದರೆ ಜನ ಹೆದರುತ್ತಾರೆ, ‘ಈ ಮನೆಯಲ್ಲಿ ಮೊದಲು ಯಾರಿದ್ದದ್ದು?’ ಎಂದು ಕೇಳಿದರೆ ಕುರ್ಚಿ ಎಳೆದು ಕೊಡುತ್ತಾರೆ ಎಂಬುದು ನನಗೆ ಅಲ್ಲಿ ಗೊತ್ತಾಯಿತು. ಅವರು ಹೇಳಿದ್ದನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ, ಅವರಿಗೇ ಓದಿ ಹೇಳಿ, ಒಪ್ಪಿದರೆ ಮಾತ್ರ ಹಾಕುತ್ತಿದ್ದೆ. ಕ್ರಿಸ್ಮಸ್ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಜನರ ಬರಹ ಬಂದಿತ್ತು. ದಮಾಮ್, ಮಸ್ಕತ್, ಮುಂಬಯಿಯಿಂದಲೂ ಓದಿ ಕಮೆಂಟ್ ಹಾಕುತ್ತಿದ್ದರು.

ರುಖಿಯಾ ಅವರು ನಮ್ಮ ಮನೆಯ ಹಿಂಬದಿಯ ಫ್ಲಾಟಿನಲ್ಲಿ ಮಗ ಶಾಹುಲ್ ಮತ್ತು ಸೊಸೆ ಸಬೀನಾ ಜೊತೆ ಇದ್ದಾರೆ. ಪ್ರಾಯ ಅರವತ್ತಾರು. ಅವರ ಗಂಡ ಅಹ್ಮದ್ ಬಾವ ಬಂದರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರು, ಈಗಿಲ್ಲ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾರೆ. ರುಖಿಯಾ ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಾವಿಬ್ಬರೂ ತುಳುವಿನಲ್ಲಿ ಮಾತನಾಡುವುದು, ಇಲ್ಲಿ ಕನ್ನಡದಲ್ಲಿ ಬರೆಸಿದ್ದೇನೆ. ನಾನು ಮೊದಲು ಕೇಳಿದಾಗ ಅವರು, “ನಾನು ಎಂತ ಹೇಳುವುದು ಬಾಯಮ್ಮ? ನನಗೆ ಸೈನ್ ಹಾಕ್ಲಿಕ್ಕೇ ಐದು ನಿಮಿಷ ಬೇಕು” ಎಂದು ನಕ್ಕರು. ಬಾಯಮ್ಮ ಎಂದು ಅವರು ಕರೆಯುವುದು ನನ್ನನ್ನು. ಈ ತಿಂಗಳ ಮೊದಲ ವಾರ ಒಂದು ಮಧ್ಯಾಹ್ನ ತಾವಾಗಿಯೇ ನಮ್ಮ ಅಡುಗೆಮನೆಗೆ ಬಂದು ಕುಳಿತು, ನಾನು ಮೀನು ಸರಿಮಾಡುತ್ತಿದ್ದಾಗ, “ಒಬ್ಬಳ ವಿಷಯ ಹೇಳ್ಬೇಕು. ಬರ್ಕೊಳ್ತೀರಾ?” ಎಂದು ಕೇಳಿದರು. ನಾನು ಕೈ ತೊಳೆದು ಬಂದೆ.

ಅವರು ಹೇಳಿದ್ದು ವಾರಿಜಾ ಎಂಬ ಗೆಳತಿಯ ವಿಷಯ. ಮದುವೆಗೆ ಮೊದಲು ಇಬ್ಬರೂ ವಾರಿಜಾಳ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ರುಖಿಯಾರಿಗೆ ಜ್ವರ ಬಂದ ದಿನ ಅವರ ಪಾಲಿನ ಬೀಡಿಯನ್ನೂ ವಾರಿಜಾ ಕಟ್ಟಿ ಇಡುತ್ತಿದ್ದಳು. ರಂಜಾನ್‌ನಲ್ಲಿ ರುಖಿಯಾ ಉಪವಾಸವಿದ್ದರೆ ವಾರಿಜಾ ಅವರ ಎದುರು ನೀರು ಸಹ ಕುಡಿಯುತ್ತಿರಲಿಲ್ಲ. ಬಾವಿಯ ಹಿಂದೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದಳು. ರುಖಿಯಾರ ಮದುವೆಯ ದಿನ ಚಪ್ಪರದ ಹೊರಗೆ ನಿಂತು, ಶುಕ್ರವಾರ ಬಂದರಿನ ಗಂಡನ ಮನೆಗೆ ಬರುತ್ತೇನೆಂದು ಕೈಸನ್ನೆ ಮಾಡಿದಳು. ಬರಲಿಲ್ಲ. ಮೊದಲ ಹೆರಿಗೆಗೆ ರುಖಿಯಾ ತಾಯಿಮನೆಗೆ ಬಂದಾಗ ವಾರಿಜಾಳ ಮನೆಗೆ ಬೀಗ ಬಿದ್ದಿತ್ತು. ಆಕೆಯ ತಂದೆಗೆ ಕಾರ್ಖಾನೆಯಲ್ಲಿ ಕೆಲಸ ಹೋಗಿತ್ತು. ಮುಂಬಯಿಗೆ ಹೋದರು ಎಂದು ಕೆಲವರು, ಘಟ್ಟದ ಮೇಲೆ ಹೋದರು ಎಂದು ಕೆಲವರು ಹೇಳಿದರು. ರುಖಿಯಾರ ಗಂಡ ತೀರಿದ ಮೇಲೆ ಮಗ ಫ್ಲಾಟ್ ತೆಗೆದುಕೊಂಡದ್ದು ವಾರಿಜಾಳ ಮನೆ ಇದ್ದ ಜಾಗದಲ್ಲಿಯೇ. “ಶಾಹುಲ್ ಕಾರು ನಿಲ್ಲಿಸ್ತಾನಲ್ಲ, ಅದರ ಕೆಳಗೆ ಅವಳ ಬಾವಿ ಉಂಟು” ಎಂದು ರುಖಿಯಾ ಹೇಳಿದರು. ಇಷ್ಟನ್ನು ಅವರು ಹೇಳಿದ ಹಾಗೆಯೇ ಬರೆದು ಹಾಕಿದೆ. ನಮ್ಮ ಬ್ಲಾಗ್‌ನಲ್ಲಿ ಅಷ್ಟು ಜನ ಓದಿದ ಬರಹ ಬೇರೆ ಇಲ್ಲ.

ಮೊನ್ನೆ ಸೋಮವಾರ ರಾತ್ರಿ ಅದಕ್ಕೆ ಒಂದು ಕಮೆಂಟ್ ಬಂತು. ಬರೆದವರ ಹೆಸರು ಚಿತ್ತರಂಜನ ಎಂದಿತ್ತು, ಫೋನ್ ನಂಬರ್ ಇರಲಿಲ್ಲ. ತನ್ನ ತಾಯಿಯ ಹೆಸರು ವಾರಿಜಾ, ಅವರು ಹಿಂದೆ ಬೀಡಿ ಕಟ್ಟುತ್ತಿದ್ದವರು, ಇದನ್ನು ಓದಿ ಹೇಳಿದಾಗ ಅದು ತಾನೇ ಎಂದರು, ಮಂಗಳೂರಿನ ಶಕ್ತಿನಗರದಲ್ಲಿ ರೇಶನ್ ಅಂಗಡಿಯ ಪಕ್ಕದ ಓಣಿಯಲ್ಲಿ ಇದ್ದೇವೆ ಎಂದು ಬರೆದಿದ್ದರು. ನಾನು ಬೇಗ ಮಲಗಿದ್ದರಿಂದ ನೋಡಿರಲಿಲ್ಲ. ಸಬೀನಾ ನೋಡಿ ಅತ್ತೆಗೆ ಓದಿ ಹೇಳಿದ್ದಾರೆ. ರುಖಿಯಾ ಇನ್ನೊಮ್ಮೆ ಓದಿಸಿಕೊಂಡರೆಂದು ಸಬೀನಾ ನನಗೆ ತಿಳಿಸಿದ್ದಾರೆ.

ನಿನ್ನೆ ಮಂಗಳವಾರ ಬೆಳಿಗ್ಗೆ ಸುಮಾರು 10 ಗಂಟೆಗೆ ರುಖಿಯಾ ಹಬ್ಬಕ್ಕೆ ತೆಗೆದ ಹೊಸ ಬುರ್ಖಾ ಹಾಕಿಕೊಂಡು, ಬಾಯಮ್ಮನ ಮನೆಗೆ ಹೋಗಿ ಬರುತ್ತೇನೆಂದು ಸೊಸೆಗೆ ಹೇಳಿ ಹೊರಟಿದ್ದಾರೆ. ನಮ್ಮ ಮನೆಗೆ ಬರಲಿಲ್ಲ. ಮೊಬೈಲನ್ನು ಮನೆಯಲ್ಲೇ ಬಿಟ್ಟಿದ್ದರು. ಒಂದು ಗಂಟೆಗೆ ಅತ್ತೆಯನ್ನು ಊಟಕ್ಕೆ ಕರೆಯಲು ಸಬೀನಾ ನಮ್ಮ ಮನೆಗೆ ಫೋನ್ ಮಾಡಿದಾಗಲೇ ನನಗೆ ವಿಷಯ ಗೊತ್ತಾದದ್ದು. ರುಖಿಯಾರಿಗೆ ಸಕ್ಕರೆ ಕಾಯಿಲೆ ಇದೆ. ಮಧ್ಯಾಹ್ನದ ಮಾತ್ರೆ ಮೇಜಿನ ಮೇಲೆಯೇ ಇತ್ತು. ನನ್ನ ಗಂಡ ಸ್ಕೂಟರಿನಲ್ಲಿ ಬಸ್ ಸ್ಟಾಪ್, ಕ್ಲಿನಿಕ್ ಎಲ್ಲ ನೋಡಿ ಬಂದರು. ಶಾಹುಲ್ ಅಂಗಡಿ ಮುಚ್ಚಿ, ಬಂದರಿನ ಸಂಬಂಧಿಕರ ಮನೆಗಳಲ್ಲಿ ವಿಚಾರಿಸಿ ನಮ್ಮಲ್ಲಿಗೆ ಬಂದರು. “ಆಂಟಿ, ಆ ಕಮೆಂಟ್ ಹಾಕಿದವ ಯಾರು? ನಿಮಗೆ ಗುರುತು ಉಂಟಾ?” ಎಂದು ಕೇಳಿದರು. ಇಲ್ಲ ಎಂದೆ. ತಾಯಿ ಒಬ್ಬರೇ ಶಕ್ತಿನಗರದವರೆಗೆ ಬಸ್ಸಿನಲ್ಲಿ ಹೋಗಿರಲಾರರೆಂದು ಅವರು ನಮ್ಮಲ್ಲಿಯೇ ಕುಳಿತು ಗುರುತಿನವರಿಗೆಲ್ಲ ಫೋನ್ ಮಾಡತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತು.

ಯಾರೋ ಸಹಾಯವಾಗಲೆಂದು ರುಖಿಯಾರ ಫೋಟೋ ಹಾಕಿ, ಇವರು ಕಾಣೆಯಾಗಿದ್ದಾರೆಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು. ಮೂರು ಗಂಟೆಯ ಹೊತ್ತಿಗೆ ಅದೇ ಫೋಟೋ ಬೇರೆ ಮಾತಿನೊಂದಿಗೆ ತಿರುಗಿ ನನ್ನ ಮೊಬೈಲ್‌ಗೇ ಬಂತು. ಬ್ಲಾಗ್‌ನ ಮೂಲಕ ಈಕೆಯನ್ನು ಕರೆಸಿಕೊಂಡಿದ್ದಾರೆ ಎಂದು ಇತ್ತು. ಆ ಮೇಲೆ ಬಂದ ಮೆಸೇಜಿನಲ್ಲಿ ಧರ್ಮದ ಮಾತೂ, ನಮ್ಮ ಮನೆಯ ವಿಳಾಸವೂ ಇತ್ತು. ಅದನ್ನು ನನ್ನ ಬಾಯಲ್ಲಿ ಪುನಃ ಹೇಳಿಸಬಾರದೆಂದು ಕೇಳಿಕೊಂಡಿದ್ದೇನೆ, ಮೊಬೈಲ್‌ನಲ್ಲಿ ತೋರಿಸಿದ್ದೇನೆ. ನಾಲ್ಕು ಗಂಟೆಗೆ ನಮ್ಮ ಗೇಟಿನ ಹೊರಗೆ ಹತ್ತು ಹನ್ನೆರಡು ಜನ ಸೇರಿದ್ದರು. ಹೆಚ್ಚಿನವರ ಮುಖ ನನಗೆ ಪರಿಚಯವಿಲ್ಲ. ಬ್ಲಾಗ್ ಯಾರದ್ದು, ಅವರು ಹೊರಗೆ ಬರಲಿ ಎಂದು ಒಬ್ಬ ಕೂಗಿದ. ನನ್ನ ಗಂಡ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಅವರಿಗೆ ಎಪ್ಪತ್ತು ವರ್ಷ, ಮಂಡಿ ಸರಿಯಿಲ್ಲ.

ಆಗ ಶಾಹುಲ್ ಕಿಟಕಿಯಿಂದ ನೋಡಿ, ಚಿಲಕ ತೆಗೆಸಿ ಗೇಟಿಗೆ ಹೋದರು. “ಕಾಣೆಯಾದದ್ದು ನನ್ನ ಉಮ್ಮ. ನಿಮಗೆ ಅವರ ಹೆಸರಾದರೂ ಗೊತ್ತುಂಟಾ? ಹುಡುಕ್ಲಿಕ್ಕೆ ಬರುವವರು ನನ್ನ ಜೊತೆ ಬನ್ನಿ. ಬೇರೆ ಕೆಲಸಕ್ಕೆ ಬಂದವರು ಮನೆಗೆ ಹೋಗಿ ಮಾರಾಯ್ರೆ” ಎಂದು ಹೇಳಿದರು. ಇಬ್ಬರು ಬೈಕ್ ಸ್ಟಾರ್ಟ್ ಮಾಡಿ ಹುಡುಕಲು ಬಂದರು, ಉಳಿದವರು ಚದುರಿದರು. ನಂತರ ನಾನು, ಶಾಹುಲ್ ಠಾಣೆಗೆ ಬಂದು ವಿಷಯ ತಿಳಿಸಿದೆವು. ತಾವು ಕೊಟ್ಟ ಇಬ್ಬರು ಸಿಬ್ಬಂದಿಯ ಜೊತೆ ಜೀಪಿನಲ್ಲಿ ಶಕ್ತಿನಗರಕ್ಕೆ ಹೊರಟೆವು.

ರೇಶನ್ ಅಂಗಡಿಯಲ್ಲಿ ಕೇಳಿದಾಗ ಮನೆ ತೋರಿಸಿದರು. ಸುಮಾರು ಐದೂವರೆ ಗಂಟೆ. ರುಖಿಯಾ ಅವರು ಆ ಮನೆಯ ಮೆಟ್ಟಿಲಲ್ಲಿ, ಹೆಚ್ಚುಕಡಿಮೆ ಅವರದೇ ಪ್ರಾಯದ ಹೆಂಗಸಿನ ಪಕ್ಕದಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದರು. ನಾನು ಮೊದಲು ಅವರ ಕೈ ಹಿಡಿದು ನಾಡಿ ನೋಡಿದೆ, ಸರಿಯಾಗಿತ್ತು. ಮಧ್ಯಾಹ್ನ ಗಂಜಿ, ಚಟ್ನಿ ಊಟವಾಗಿದೆ ಎಂದರು. ಶಾಹುಲ್ ತಾಯಿಯ ಕಾಲ ಬಳಿ ಕುಳಿತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆ ಹೆಂಗಸು ಪೊಲೀಸರನ್ನು ಕಂಡು ಎದ್ದು ನಿಂತು ಅಳಲು ಶುರು ಮಾಡಿದರು. ಅವರ ಹೆಸರು ವಾರಿಜಾ ಎಂಬುದು ನಿಜ. ಆದರೆ ಅವರು ಬೀಡಿ ಕಟ್ಟಿದ್ದು ಬಿಕರ್ನಕಟ್ಟೆಯಲ್ಲಿ. ಜೆಪ್ಪುವಿನಲ್ಲಿ ಅವರು ಒಂದು ದಿನವೂ ಇದ್ದವರಲ್ಲ. ಯಾಕೆ ಸುಳ್ಳು ಹೇಳಿದ್ದೆಂದು ಸಿಬ್ಬಂದಿ ಕೇಳಿದಾಗ ಅವರು ಹೇಳಿದ್ದು ಹೀಗೆ: “ಮಗ ಓದಿ ಹೇಳಿದ. ಅಷ್ಟು ವರ್ಷ ಆದ ಮೇಲೂ ಒಬ್ಬರು ನೆನಪು ಇಟ್ಕೊಂಡಿದ್ದಾರೆ. ಅಮ್ಮ, ಇದು ನೀವಾ ಅಂತ ಕೇಳಿದ. ಹೌದು ಅಂತ ಬಾಯಿಗೆ ಬಂದು ಹೋಯ್ತು ಸರ್. ಅವ ಅದನ್ನು ಅಲ್ಲಿ ಬರೀತಾನೆ ಅಂತ ನನಗೆ ಗೊತ್ತಿರಲಿಲ್ಲ.” ಮಗ ಚಿತ್ತರಂಜನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಆ ಹೊತ್ತಿಗೆ ಡ್ಯೂಟಿಯಲ್ಲಿದ್ದರು, ರುಖಿಯಾ ಬಂದದ್ದೇ ಅವರಿಗೆ ತಿಳಿದಿರಲಿಲ್ಲ.

ರುಖಿಯಾ ಅವರು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಬದಲಿಸಿ, ಕೇಳಿಕೊಂಡು ಆ ಮನೆ ತಲುಪಿದ್ದರು. ಬಾಗಿಲು ತೆರೆದ ಕೂಡಲೇ ಇದು ತನ್ನ ವಾರಿಜಾ ಅಲ್ಲವೆಂದು ಗೊತ್ತಾಯಿತಂತೆ. ಹಾಗಾದರೆ ಕೂಡಲೇ ಯಾಕೆ ಹಿಂದೆ ಬರಲಿಲ್ಲವೆಂದು ನಾನು ಸ್ವಲ್ಪ ಸಿಟ್ಟಿನಲ್ಲಿಯೇ ಕೇಳಿದೆ. ಅದಕ್ಕೆ ಅವರು, “ಇವಳು ಕೂತ್ಕೊಳ್ಳಿ ಅಂದಳು. ನಿಮ್ಮ ವಾರಿಜಾ ಹೇಗಿದ್ದಳು ಅಂತ ಕೇಳಿದಳು. ಜಡೆ ಹೇಗೆ ಹಾಕ್ತಿದ್ದಳು, ಎಂತ ತಿಂದ್ರೆ ಖುಷಿ, ನಗುವಾಗ ಸೌಂಡ್ ಬರ್ತಿತ್ತಾ, ಎಲ್ಲ ಕೇಳಿದಳು ಬಾಯಮ್ಮ. ಇಷ್ಟು ವರ್ಷದಲ್ಲಿ ಯಾರು ಕೇಳಿದ್ದಾರೆ? ಹೇಳ್ತಾ ಹೇಳ್ತಾ ಬಿಸಿಲು ಇಳಿದದ್ದು ಗೊತ್ತಾಗ್ಲಿಲ್ಲ” ಎಂದರು.

ವಾಪಸು ಬರುವಾಗ ಜೀಪಿನಲ್ಲಿ ಶಾಹುಲ್, ಇದನ್ನೆಲ್ಲ ತನಗೆ ಯಾಕೆ ಹೇಳಲಿಲ್ಲವೆಂದು ತಾಯಿಯನ್ನು ಕೇಳಿದರು. ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ, ಕಾರು ಬೇರೆ ಕಡೆ ನಿಲ್ಲಿಸುತ್ತಿದ್ದೆಯಾ ಎಂದು ಅವರು ಕೇಳಿದರು. ಇಬ್ಬರೂ ನಕ್ಕರು. ಆ ಮೇಲೆ ಶಾಹುಲ್ ಕಿಟಕಿಯ ಕಡೆ ತಿರುಗಿ ಕುಳಿತರು.

ರಾತ್ರಿ ಚಿತ್ತರಂಜನ ಯೂನಿಫಾರ್ಮಿನಲ್ಲಿಯೇ ಠಾಣೆಗೆ ಬಂದು ಕೈ ಮುಗಿದು ಕ್ಷಮೆ ಕೇಳಿದರು. ಶಾಹುಲ್ ಅವರ ಕೈ ಹಿಡಿದು ಇಳಿಸಿದರು. ಆ ತಾಯಿ ಮಗನ ಮೇಲೆ ಯಾವ ದೂರೂ ಇಲ್ಲವೆಂದು ರುಖಿಯಾ ತಿಳಿಸಿದ್ದಾರೆ, ನನ್ನದೂ ಇಲ್ಲ. ಸುಳ್ಳು ಮೆಸೇಜ್ ಹರಡಿದವರ ಬಗ್ಗೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಬ್ಲಾಗನ್ನು ಮುಚ್ಚುವುದು ಒಳ್ಳೆಯದಲ್ಲವೇ ಎಂದು ತಾವು ಕೇಳಿದಿರಿ. ಇನ್ನು ಮುಂದೆ ಪ್ರತಿಯೊಂದು ಕಮೆಂಟನ್ನೂ ಓದಿ, ಬರೆದವರ ಗುರುತು ವಿಚಾರಿಸಿಯೇ ಹಾಕುತ್ತೇನೆ. ಮುಚ್ಚುವುದಿಲ್ಲ. ನಿನ್ನೆ ಗೇಟಿಗೆ ಬಂದವರಲ್ಲಿ ಯಾರಾದರೂ ಬರೆಯುವುದಿದ್ದರೆ ಅವರದನ್ನೂ ತೆಗೆದುಕೊಳ್ಳುತ್ತೇನೆ.

ಇಂದು ಹೇಳಿಕೆಗೆಂದು ಬಂದಾಗ ರುಖಿಯಾ ಅವರೂ ನನ್ನ ಜೊತೆ ಬಂದಿದ್ದಾರೆ. ಕಾಣೆಯಾದವರ ದೂರು ಇಲ್ಲಿಯೇ ಕೊಡುವುದಲ್ಲವೇ, ಹಾಗಾದರೆ ತನ್ನ ವಾರಿಜಾ ಕಾಣೆಯಾದದ್ದನ್ನೂ ಬರೆದುಕೊಳ್ಳಬೇಕೆಂದು ತಮ್ಮಲ್ಲಿ ಕೇಳಿಕೊಂಡರು. ಮನೆಯವರಲ್ಲದವರು ಇಷ್ಟು ವರ್ಷದ ನಂತರ ಕೊಡುವ ದೂರನ್ನು ದಾಖಲಿಸಲು ಆಗುವುದಿಲ್ಲವೆಂದು ತಾವು ತಿಳಿಸಿದಿರಿ. ಆಗ ನಾನು, ನನ್ನ ಹೇಳಿಕೆಯಲ್ಲಿ ನಾನು ಹೇಳಿದ್ದನ್ನೆಲ್ಲ ಬರೆಯುತ್ತೀರಲ್ಲ, ಇದನ್ನೂ ನಾನೇ ಹೇಳುತ್ತಿದ್ದೇನೆ ಎಂದೆ. ತಾವು ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತಿನ ನಂತರ ಪುನಃ ತೆಗೆದುಕೊಂಡು, ತಂದೆಯ ಹೆಸರು ಕೇಳಿದಿರಿ.

ಹೆಸರು ವಾರಿಜಾ. ತಂದೆ ಬಾಬು, ಹೆಂಚಿನ ಕಾರ್ಖಾನೆಯ ಕಾರ್ಮಿಕ. ತಾಯಿ ಅಪ್ಪಿ. ಕೊನೆಯದಾಗಿ ಕಂಡದ್ದು 1978ನೇ ಇಸವಿಯಲ್ಲಿ, ಜೆಪ್ಪುವಿನಲ್ಲಿ. ಎಣ್ಣೆಗಪ್ಪು ಮೈಬಣ್ಣ, ಕೋಲು ಮುಖ, ಸಾಧಾರಣ ಶರೀರ. ರುಖಿಯಾರಿಗಿಂತ ನಾಲ್ಕು ಬೆರಳು ಎತ್ತರ. ಎಡಗೈ ಹೆಬ್ಬೆರಳಿನಲ್ಲಿ ಕತ್ತರಿ ತಾಗಿದ ಕಲೆ. ತುಳು, ಕನ್ನಡ ಮಾತನಾಡುತ್ತಾಳೆ. ಬ್ಯಾರಿಯೂ ಬರುತ್ತದೆ, ಕಲಿಸಿದ್ದು ರುಖಿಯಾ. ಧರಿಸಿದ್ದ ಬಟ್ಟೆ: ಗಿಳಿಹಸಿರು ಸೀರೆ, ರುಖಿಯಾರ ಮದುವೆಗೆಂದು ತೆಗೆದದ್ದು, ರವಕೆ ಬೇರೆಯವರದು. ಪ್ರಾಯ ಎಷ್ಟೆಂದು ತಾವು ಕೇಳಿದಾಗ ರುಖಿಯಾ ಕೂಡಲೇ ಹತ್ತೊಂಬತ್ತು ಎಂದರು. ಆ ಮೇಲೆ ತಮ್ಮ ಕೈಗಳನ್ನು ನೋಡಿಕೊಂಡು, ಅರವತ್ತಾರು ಎಂದು ತಿದ್ದಿಸಿದರು.

ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟು. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದದ್ದನ್ನು ನನಗೂ, ನನ್ನ ಕೋರಿಕೆಯಂತೆ ರುಖಿಯಾ ಅವರಿಗೂ ಓದಿ ಹೇಳಲಾಗಿದೆ, ಸರಿಯಾಗಿದೆ.

ಸ್ಥಳ: ಮಂಗಳೂರು
ದಿನಾಂಕ: 22-01-2025

(ಸಹಿ) ಉರ್ಸುಲಾ ಮೊಂತೇರೊ