ನಲವತ್ತೊಂದನೇ ಸೀಟಿನ ಹಾಜರಿ

ಊರಿನಲ್ಲಿ ಕೈಗವಸಿನ ದೊಡ್ಡಮ್ಮ ಎಂದೇ ಎಲ್ಲರಿಗೂ ಗೊತ್ತಿರುವ ನಾನು, ವಯಸ್ಸು 63 ವರ್ಷ, ವಿಧವೆ, ಓದು ಹೈಸ್ಕೂಲಿನವರೆಗೆ, ಕಸುಬು ಕೂಲಿ ಕೆಲಸದವರ ಕೈಗವಸು ಹೊಲಿಸುವುದು, ವಾಸ ಹಳೆ ಗಿರಣಿ ರಸ್ತೆಯ ಪೂರ್ವ ಬದಿ, ಮನೆ ನಂಬರ್ 18, ಇಂದು ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ಬರೆಸುವುದೇನೆಂದರೆ:

ನಾನು ಠಾಣೆಗೆ ಬರುತ್ತಿರುವುದು ಇದು ಎರಡನೇ ಸಲ. ಮೊದಲ ಸಲ ಮಾರ್ಚ್ 13ರಂದು ನನ್ನ ಸೊಸೆ ಕಾಣುತ್ತಿಲ್ಲ ಎಂದು ಹೇಳಲು ಬಂದಿದ್ದೆ. ಆಗ ಒಂದು ವಿಷಯ ಮುಚ್ಚಿಟ್ಟೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ. ಜನ ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ ಎಂದು ಬರೆಯುವವರಿಗೆ ತಿಳಿಸಿದ್ದೇನೆ.

ನಾಲ್ಕು ವರ್ಷದ ಹಿಂದೆ ಸರ್ಕಾರದವರು ಹಿಂದುಳಿದ ವಾರ್ಡುಗಳ ಪಟ್ಟಿ ಮಾಡಿದರು. ಪಟ್ಟಿಯಲ್ಲಿರುವ ವಾರ್ಡಿನಲ್ಲಿ ಕಾರ್ಖಾನೆ ತೆರೆದರೆ ಕೆಲಸದವರ ಅರ್ಧ ಸಂಬಳ ಸರ್ಕಾರದ್ದು. ಎರಡು ವಾರ್ಡಿನ ಗಡಿ ನಮ್ಮ ರಸ್ತೆಯ ನಡುವೆಯೇ ಹೋಗುತ್ತದೆ. ರಸ್ತೆಯ ಅಗಲ 11 ಮೀಟರು. ಪಶ್ಚಿಮ ಬದಿ ಪಟ್ಟಿಗೆ ಸೇರಿತು, ನಮ್ಮ ಬದಿ ಸೇರಲಿಲ್ಲ. ಕಚೇರಿಗೆ ಹೋಗಿ ಕೇಳಿದೆ. ನಿಮ್ಮ ವಾರ್ಡಿನಲ್ಲಿ ಕೆಲಸ ಇಲ್ಲದವರು ಕಡಿಮೆ, ನಿಮ್ಮ ಶೆಡ್ಡಿನಲ್ಲೇ ಮೂವತ್ತನಾಲ್ಕು ಜನ ಇದ್ದಾರಲ್ಲ ಎಂದು ಗುಮಾಸ್ತರು ಹೇಳಿದರು. ಹಾಗಾದರೆ ನಾನು ಕೆಲಸ ಕೊಟ್ಟಿದ್ದೇ ತಪ್ಪಾಯಿತೇ ಎಂದು ಕೇಳಿದೆ. ತಪ್ಪೇನಿಲ್ಲ ತಾಯಿ, ಅರ್ಹತೆ ಇಲ್ಲ ಅಷ್ಟೇ ಎಂದರು.

ನನ್ನ ಬಾಗಿಲಿಗೆ ನೇರ ಎದುರಾಗಿ ಅರವತ್ತು ಸೀಟಿನ, ಕೈಗವಸನ್ನೇ ಹೊಲಿಯುವ ಕಾರ್ಖಾನೆ ಬಂತು. ಎಂಟು ತಿಂಗಳಲ್ಲಿ ನನ್ನ ಮೂವತ್ತನಾಲ್ಕು ಜನರಲ್ಲಿ ಮೂವತ್ತು ಜನ ರಸ್ತೆ ದಾಟಿದರು. ಅವರ ಹಿಂದೆ ಚಹಾದಂಗಡಿ ದಾಟಿತು, ಕ್ಷೌರದಂಗಡಿ ದಾಟಿತು, ಔಷಧಿ ಅಂಗಡಿಯೂ ದಾಟಿತು. ನಮ್ಮ ಬದಿಯಲ್ಲಿ ಈಗ ಹದಿನಾಲ್ಕು ಅಂಗಡಿಗಳ ಬಾಗಿಲು ಮುಚ್ಚಿದೆ. ಈಗ ಹಿಂದುಳಿದವರು ನಾವೇ ಅಲ್ಲವೇ ಎಂದು ಮತ್ತೆ ಕೇಳಲು ಹೋದೆ. ಪಟ್ಟಿ ಬದಲಾಗುವುದು ಏಳು ವರ್ಷಕ್ಕೊಮ್ಮೆ, ಕಾಯಬೇಕು ಎಂದರು.

ನನ್ನ ಒಬ್ಬನೇ ಮಗ ಆ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಾನೆ. ಕಳೆದ ವರ್ಷ ಹೆಂಡತಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಸೊಸೆಯ ವಯಸ್ಸು 29. ಹೆಬ್ಬೆರಳಿನ ಸಂದಿಯನ್ನು ಅವಳಷ್ಟು ಗಟ್ಟಿಯಾಗಿ ಹೊಲಿಯುವವರು ನನ್ನ ಶೆಡ್ಡಿನಲ್ಲಿ ಇರಲಿಲ್ಲ. ಅವಳ ಮುಂದೆ ಇದನ್ನು ನಾನು ಎಂದೂ ಹೇಳಿಲ್ಲ. ಅಲ್ಲಿ ಅವಳ ಸೀಟು ನಲವತ್ತೊಂದು, ಮೇಲಿನ ಮಹಡಿಯ ಎರಡನೇ ಕಿಟಕಿ. ನನ್ನ ಶೆಡ್ಡಿನಿಂದ ನೋಡಿದರೆ ಅವಳ ಬೆನ್ನು ಕಾಣುತ್ತದೆ.

ಈ ಜನವರಿಯ ಎರಡನೇ ವಾರದಿಂದ ಕಾರ್ಖಾನೆಯ ಗೇಟಿನಿಂದ ಒಂದೂ ಸರಕಿನ ಗಾಡಿ ಹೊರಗೆ ಬಂದಿಲ್ಲ. ಆದರೆ ಬೆಳಿಗ್ಗೆ 8:30ರಿಂದ ಸಂಜೆ 5ರವರೆಗೆ ಯಂತ್ರಗಳು ಓಡುತ್ತವೆ, ಊಟದ ಹೊತ್ತಿನಲ್ಲೂ ನಿಲ್ಲುವುದಿಲ್ಲ. ಸದ್ದು ಬದಲಾಗಿತ್ತು. ದಾರ ಎಳೆಯುವ ಸೂಜಿಯ ಸದ್ದು ಬೇರೆ, ದಾರವಿಲ್ಲದ ಸೂಜಿಯ ಸದ್ದು ಬೇರೆ. ಮೂವತ್ತೆಂಟು ವರ್ಷ ಕೇಳಿದ ಕಿವಿ ನನ್ನದು. ಏನು ನಡೀತಿದೆ ಅಲ್ಲಿ ಎಂದು ಸೊಸೆಯನ್ನು ಕೇಳಿದೆ. ಆರ್ಡರು ನಿಂತಿದೆ ಅತ್ತೆ, ದಾರವೂ ಇಲ್ಲ, ಆದರೆ ಸರ್ಕಾರದ ಎಣಿಕೆಯವರು ಯಾವತ್ತು ಬಂದರೂ ಅರವತ್ತು ಜನ ಕೆಲಸ ಮಾಡ್ತಿರಬೇಕಂತೆ, ಒಬ್ಬರು ಕಡಿಮೆಯಾದರೂ ಇಡೀ ವಾರ್ಡಿಗೆ ಸಹಾಯ ನಿಲ್ಲುತ್ತಂತೆ ಎಂದಳು. ಸೆರಗಿನೊಳಗಿಂದ ಒಂದು ಬಟ್ಟೆಯ ತುಂಡು ತೆಗೆದು ಕಿಟಕಿಗೆ ಹಿಡಿದಳು. ಕೈಯಾಕಾರದಲ್ಲಿ ಸುತ್ತಲೂ ಸೂಜಿಯ ತೂತು, ಐದು ಬೆರಳಿನ ಅಂಚಿನಲ್ಲೂ ಬೆಳಕು ಚುಕ್ಕಿ ಚುಕ್ಕಿಯಾಗಿ ಒಳಗೆ ಬಂತು. ಇವತ್ತು ಇಂಥವು ನೂರಿಪ್ಪತ್ತು ಹೊಲಿದೆ ಅತ್ತೆ, ಒಂದನ್ನೂ ಹೊಲಿದಿಲ್ಲ ಎಂದು ನಕ್ಕಳು. ಆ ನಗು ನನಗೆ ಸರಿಬರಲಿಲ್ಲ.

ಫೆಬ್ರವರಿ ಕೊನೆಯಿಂದ ಮನೆಯಲ್ಲಿ ಸುಮ್ಮನೆ ಕೂತಾಗಲೂ ಅವಳ ಬಲಗಾಲು ಯಂತ್ರದ ಪೆಡಲು ಒತ್ತುವ ಹಾಗೆ ನೆಲ ತುಳಿಯುತ್ತಿತ್ತು. ಪಾತ್ರೆ ತೊಳೆಯುವಾಗ ನಿಂತ ಕಾಲಿನಲ್ಲೇ ತುಳಿಯುತ್ತಿದ್ದಳು.

ಮಾರ್ಚ್ 9, ಸೋಮವಾರ, ಸಂಜೆ ಸುಮಾರು 6 ಗಂಟೆಗೆ ಅವಳು ನನ್ನ ಶೆಡ್ಡಿಗೆ ಬಂದಳು. ಅತ್ತೆ, ನಾನು ಈ ಕಡೆ ವಾಪಸ್ ಬರ್ತೀನಿ, ಸಂಬಳ ಬೇಡ ಎಂದಳು. ಕಾರಣ ಕೇಳಿದೆ. ಶನಿವಾರ ತಲೆ ಸುತ್ತಿ ಎದ್ದು ಮೆಟ್ಟಿಲ ಹತ್ತಿರ ಹೋಗಿ ನಿಂತೆ, ಅಲ್ಲಿಂದ ತಿರುಗಿ ನೋಡಿದರೆ ನನ್ನ ಯಂತ್ರ ಓಡ್ತಾನೇ ಇತ್ತು ಎಂದಳು. ನಾನು ನಂಬಲಿಲ್ಲ. ನನ್ನನ್ನು ಬಿಟ್ಟು ಹೋದ ಸಿಟ್ಟು ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಗಾಳಿ ಹೊಲಿಯೋಳಿಗೆ ನನ್ನ ಮೇಜಿನಲ್ಲಿ ಜಾಗ ಇಲ್ಲ, ದಾಟಿದ ಮೇಲೆ ದಾಟಿದ ಕಡೆಯೇ ಇರು ಎಂದೆ. ಆಯ್ತು ಅತ್ತೆ ಎಂದು ಹೋದಳು.

ಮಾರ್ಚ್ 10, ಮಂಗಳವಾರ, ಬೆಳಿಗ್ಗೆ 8:10ಕ್ಕೆ ಮನೆಯಿಂದ ಹೊರಟಳು. ನಾನು ಬಾಗಿಲಲ್ಲಿದ್ದೆ. ರಸ್ತೆಯ ನಡುವಿನವರೆಗೆ ಅವಳು ಹೋದದ್ದನ್ನು ನೋಡಿದ್ದೇನೆ. ಆಗ ಒಂದು ಲಾರಿ ಅಡ್ಡ ಬಂತು. ಲಾರಿ ಹೋದ ಮೇಲೆ ರಸ್ತೆಯಲ್ಲಿ ಅವಳಿರಲಿಲ್ಲ. ಒಳಗೆ ಹೋದಳು ಎಂದುಕೊಂಡೆ. ಗೇಟು ಕಾರ್ಖಾನೆಯ ಆ ತುದಿಗಿದೆ, ನಾನು ಅವಳನ್ನು ಕೊನೆಗೆ ಕಂಡ ಜಾಗದಿಂದ ಇಪ್ಪತ್ತು ಹೆಜ್ಜೆ ದೂರ. ಅಷ್ಟು ಹೊತ್ತಿನಲ್ಲಿ ಇಪ್ಪತ್ತು ಹೆಜ್ಜೆ ನಡೆಯಲು ಆಗುವುದಿಲ್ಲ. ಇದು ನನಗೆ ಹೊಳೆದದ್ದು ಮರುದಿನ.

ಸಂಜೆ 5ಕ್ಕೆ ಗಂಟೆ ಹೊಡೆಯಿತು. ಹೊರಬಂದ ಹೊಲಿಗೆಯವರನ್ನು ಎಣಿಸಿದೆ, ಅದು ನನ್ನ ಹಳೆಯ ಚಾಳಿ. ಐವತ್ತೊಂಬತ್ತು. ಮಗನನ್ನು ಕೇಳಿದೆ. ಅವಳ ಅಕ್ಕನ ಮನೆಗೆ ಹೋಗಿರಬೇಕು ಬಿಡಮ್ಮಾ, ನಿನ್ನ ಮಾತಿಗೆ ಯಾರು ತಾನೇ ನಿಲ್ತಾರೆ ಎಂದ. ಕಾರ್ಖಾನೆಯ ಪುಸ್ತಕದಲ್ಲಿ ಅವಳ ಇವತ್ತಿನ ಹಾಜರಿ ಇದೆ ಎಂದೂ ಹೇಳಿದ.

ಮಾರ್ಚ್ 11, ಬುಧವಾರ, ಬೆಳಿಗ್ಗೆ 9:20ಕ್ಕೆ ಕಾರ್ಖಾನೆಯ ಮೇಲ್ವಿಚಾರಕ ನನ್ನ ಶೆಡ್ಡಿಗೆ ಬಂದ. ಕೆಲಸದವರು ಅವನನ್ನು ಗಂಟೆಯಪ್ಪ ಎನ್ನುತ್ತಾರೆ. ನಾಲ್ಕು ವರ್ಷದಲ್ಲಿ ಅವನು ಈ ಬದಿಗೆ ಕಾಲಿಟ್ಟದ್ದು ಅದೇ ಮೊದಲು. ನಾಳೆ ಎಣಿಕೆಯವರು ಬರ್ತಿದ್ದಾರೆ ದೊಡ್ಡಮ್ಮ, ಒಂದು ಸೀಟು ಖಾಲಿ, ನೀವು ಅರ್ಧ ಗಂಟೆ ಬಂದು ಕೂತ್ಕೊಳ್ಳಿ ಎಂದ. ಪುಸ್ತಕದಲ್ಲಿ ಹಾಜರಿ ಇದೆಯಂತಲ್ಲಪ್ಪ, ಪುಸ್ತಕವನ್ನೇ ಕೂರಿಸು ಎಂದೆ. ಅವನ ಹಿಂದೆ ನನ್ನ ಮಗ ನೆಲ ನೋಡುತ್ತ ನಿಂತಿದ್ದ. ಇಬ್ಬರನ್ನೂ ಹೊರಗೆ ಕಳಿಸಿದೆ.

ಮಧ್ಯಾಹ್ನ 1 ಗಂಟೆಗೆ ಗುಂಡಿ ಅಕ್ಕ ಬಂದಳು. ಇಪ್ಪತ್ತೆರಡು ವರ್ಷ ನನ್ನಲ್ಲಿ ಕೈಗವಸಿನ ಮಣಿಕಟ್ಟಿಗೆ ಗುಂಡಿ ಹಾಕಿದವಳು, ಈಗ ಅಲ್ಲಿ ನಲವತ್ತನೇ ಸೀಟು. ನಾವು ನಿಮ್ಮನ್ನು ಬಿಟ್ಟು ಹೋದ ಪಾಪಿಗಳೇ ಇರಬಹುದು ದೊಡ್ಡಮ್ಮ, ಆದರೆ ನೀವು ಅರ್ಧ ಗಂಟೆ ಕೂತರೆ ಐವತ್ತೊಂಬತ್ತು ಮನೆ ಒಲೆ ಉರೀತದೆ ಎಂದು ಕೈ ಹಿಡಿದಳು. ನನ್ನ ಸೊಸೆ ಎಲ್ಲಿ ಹೇಳು ಎಂದೆ. ಅವಳು ಕೈ ಬಿಟ್ಟಳು. ಒಳಗೆ ಹೋದರೆ ಏನಾದರೂ ಗೊತ್ತಾಗಬಹುದು ಎಂದು ನಾನು ಒಪ್ಪಿದೆ.

ಮುಚ್ಚಿಟ್ಟ ವಿಷಯ ಇನ್ನು ಮುಂದಿನದು. ಮೂವತ್ತೆಂಟು ವರ್ಷ ನನ್ನ ಶೆಡ್ಡಿನಲ್ಲಿ ಒಬ್ಬರ ಹಾಜರಿಗೆ ಇನ್ನೊಬ್ಬರು ಓಗೊಡಲು ನಾನು ಬಿಟ್ಟಿಲ್ಲ. ಓಗೊಟ್ಟವರನ್ನು ಅಂದೇ ಮನೆಗೆ ಕಳಿಸಿದ್ದೇನೆ.

ಮಾರ್ಚ್ 12, ಗುರುವಾರ, ಬೆಳಿಗ್ಗೆ 10:05ಕ್ಕೆ ಕಾರ್ಖಾನೆಯ ಒಳಗೆ ಹೋದೆ. ಸೊಸೆಯ ನೀಲಿ ಕೋಟನ್ನು ಗಂಟೆಯಪ್ಪ ಕೊಟ್ಟ, ಹಾಕಿಕೊಂಡೆ. ಎರಡು ದಿನದಿಂದ ಯಾರೂ ಕೂತಿಲ್ಲ ಎಂದು ಅವನೇ ಹೇಳಿದ ಸೀಟು ಬೆಚ್ಚಗಿತ್ತು. ಯಂತ್ರದ ಚಕ್ರಕ್ಕೆ ಕೈಯಿಟ್ಟೆ, ಅದೂ ಬೆಚ್ಚಗಿತ್ತು. 10:40ಕ್ಕೆ ಅಧಿಕಾರಿ ಬಂದರು. ಹೆಸರು ಕರೆಯಲಿಲ್ಲ, ಸಂಖ್ಯೆ ಕರೆದರು. ನಲವತ್ತೊಂದು ಎಂದಾಗ ಹಾಜರ್ ಎಂದೆ. ಬಂದ ಧ್ವನಿ ನನ್ನದಲ್ಲ, ಎಳೆಯ ಧ್ವನಿ. ಗುಂಡಿ ಅಕ್ಕ ತಿರುಗಿ ನನ್ನ ಮುಖ ನೋಡಿ ಮತ್ತೆ ಬಟ್ಟೆಗೆ ಕಣ್ಣು ಹಾಕಿದಳು. ಅಧಿಕಾರಿ ತಲೆ ಎತ್ತದೆ ಗುರುತು ಹಾಕಿದರು. ಅರವತ್ತು ಎಂದು ಹೇಳಿ 11:05ಕ್ಕೆ ಹೋದರು.

ನಾನು ಏಳಬೇಕೆಂದುಕೊಂಡೆ. ನಂತರ ನನಗೆ ನೆನಪಿರುವುದು 5 ಗಂಟೆಯ ಸದ್ದು. ನಡುವಿನ ಆರು ಗಂಟೆ ನನ್ನ ಬಳಿ ಇಲ್ಲ. ಊಟ ಮಾಡಿಲ್ಲ, ನೀರು ಕುಡಿದಿಲ್ಲ. ಪಕ್ಕದಲ್ಲಿ ತೂತಿನ ತುಂಡುಗಳು ಬಿದ್ದಿದ್ದವು, ಎಣಿಸಿದೆ, ನೂರ ಹದಿನೆಂಟು. ಎಲ್ಲದರಲ್ಲೂ ಹೆಬ್ಬೆರಳಿನ ಸಂದಿಯಲ್ಲಿ ತೂತು ಎರಡು ಸುತ್ತು ಹೋಗಿತ್ತು. ಹಾಗೆ ಎರಡು ಸುತ್ತು ಹಾಕುವುದು ನನ್ನ ಕೈಯಲ್ಲ, ಸೊಸೆಯ ಕೈ.

ಮಾರ್ಚ್ 13, ಶುಕ್ರವಾರ, ಬೆಳಿಗ್ಗೆ 9:30ಕ್ಕೆ ಈ ಠಾಣೆಗೆ ಬಂದೆ. ಅಂದು ಕೂತಿದ್ದವರು ಕಾರ್ಖಾನೆಗೆ ಫೋನು ಮಾಡಿದರು. 10, 11, 12, 13, ನಾಲ್ಕೂ ದಿನ ಹಾಜರಿ ಇದೆಯಮ್ಮ, ಅದರಲ್ಲಿ 12ರಂದು ಸರ್ಕಾರಿ ಅಧಿಕಾರಿಯೇ ಕಣ್ಣಾರೆ ಎಣಿಸಿದ್ದಾರೆ, ಹಾಜರಿರುವವರು ಕಾಣೆಯಾಗೋದು ಹೇಗೆ, ಅತ್ತೆ ಸೊಸೆ ಜಗಳ ಮನೆಯಲ್ಲೇ ಮುಗಿಸಿಕೊಳ್ಳಿ ಎಂದರು. 12ರಂದು ಕೂತವಳು ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಮನೆಗೆ ಹೋದೆ.

14 ಮತ್ತು 15ರಂದು ಅವಳ ಅಕ್ಕನ ಮನೆ, ಆಸ್ಪತ್ರೆ, ಬಸ್ ನಿಲ್ದಾಣ, ಎಲ್ಲ ಕಡೆ ಹುಡುಕಿದೆ. ಅಕ್ಕನ ಮನೆ 9 ಕಿಲೋಮೀಟರು. ಅಲ್ಲಿಗೆ ಅವಳು ಹೋಗಿಯೇ ಇಲ್ಲ.

ಮಾರ್ಚ್ 16, ಸೋಮವಾರ, ಮಧ್ಯಾಹ್ನ 2:15ಕ್ಕೆ ನನ್ನ ಶೆಡ್ಡಿನಿಂದ ಎರಡನೇ ಕಿಟಕಿ ನೋಡಿದೆ. ನೀಲಿ ಕೋಟಿನ ಬೆನ್ನು ಕಂಡಿತು, ಮೊಣಕೈ ಆಡುತ್ತಿತ್ತು. ರಸ್ತೆ ದಾಟಿ ಗೇಟಿಗೆ ಹೋದೆ. ಒಳಗೆ ಬಿಡಲ್ಲ ದೊಡ್ಡಮ್ಮ, ಲೆಕ್ಕ ತುಂಬಿದೆ ಎಂದು ಗಂಟೆಯಪ್ಪ ಅಡ್ಡ ನಿಂತ. ತುಂಬಿಸಿದವರು ಯಾರೋ ಎಂದು ಕೇಳಿದೆ. ಅವನ ಮುಖ ಬಿಳುಚಿಕೊಂಡಿತ್ತು. ನನಗೇನು ಗೊತ್ತು, ನಾನು ಬರೀ ಗಂಟೆ ಬಾರಿಸೋನು ಎಂದ. ಗೇಟಿನಲ್ಲೇ ನಿಂತು ಸೊಸೆಯ ಹೆಸರು ಹಿಡಿದು ಮೂರು ಸಲ ಕೂಗಿದೆ. ಮೂರನೇ ಕೂಗಿಗೆ ಯಂತ್ರಗಳು ನಿಂತವು. ಜನವರಿಯಿಂದ ಅವು ಹಗಲು ನಿಂತದ್ದು ಅದೇ ಮೊದಲು. ಒಂದು ಮಾತ್ರ ನಿಲ್ಲಲಿಲ್ಲ. ಅದು ಓಡುತ್ತಿರುವಾಗ ಕಿಟಕಿಗಳಲ್ಲಿ ಹೆಂಗಸರು ಬಂದು ನಿಂತರು. ಎರಡನೇ ಕಿಟಕಿಗೆ ಯಾರೂ ಬರಲಿಲ್ಲ.

ನಿನ್ನೆ ಸಂಜೆ 7 ಗಂಟೆಗೆ ಮಗ ಮನೆಗೆ ಬಂದು ಕೂತ. ಅಮ್ಮಾ, ನೀನು ಠಾಣೆಯಲ್ಲಿ ನಿಜ ಬರೆಸಿದರೆ ಐವತ್ತೊಂಬತ್ತಾಗುತ್ತೆ, ವಾರ್ಡು ಪಟ್ಟಿಯಿಂದ ಹೋಗುತ್ತೆ, ಆಚೆ ಬದಿಯೂ ಈಚೆ ಬದಿಯ ಹಾಗೇ ಆಗುತ್ತೆ, ನಾನು ಇನ್ನು ಈ ಹೊಸಿಲು ತುಳಿಯಲ್ಲ ಎಂದ. ನಿನ್ನ ಹೆಂಡತಿ ಎಲ್ಲಿದ್ದಾಳೆ ಅಂತ ನಿನಗೆ ಗೊತ್ತೇನೋ ಎಂದು ಕೇಳಿದೆ. ಹಾಜರಿ ಇದೆಯಲ್ಲಮ್ಮಾ ಎಂದು ಅತ್ತ. ಅವನ ಬಲಗಾಲು ನೆಲ ತುಳಿಯುತ್ತಿತ್ತು. ಅವನು ಎಂದೂ ಯಂತ್ರದ ಮುಂದೆ ಕೂತವನಲ್ಲ.

ಆದ್ದರಿಂದ ಬರೆಸುತ್ತಿದ್ದೇನೆ. ಮಾರ್ಚ್ 12ರಂದು ನಲವತ್ತೊಂದನೇ ಸೀಟಿನಲ್ಲಿ ಕೂತು ಹಾಜರ್ ಎಂದವಳು ನಾನು. ಅದು ಸುಳ್ಳು ಹಾಜರಿ. ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಲಿ. ಉಳಿದ ದಿನಗಳಲ್ಲಿ ಓಗೊಟ್ಟದ್ದು ಯಾರು ಎಂದು ನನಗೆ ತಿಳಿಯದು, ತಿಳಿದ ಹಾಗೆ ಹೇಳುವುದೂ ಇಲ್ಲ. ನನ್ನ ಬೇಡಿಕೆ ಒಂದೇ. ಮಾರ್ಚ್ 10ರ ಬೆಳಿಗ್ಗೆ 8:10ರಿಂದ ನನ್ನ ಸೊಸೆ ಇಲ್ಲ ಎಂದು ಠಾಣೆಯ ಪುಸ್ತಕದಲ್ಲಿ ಮೊದಲು ಬರೆಯಬೇಕು. ಇದ್ದಾಳೆ ಎಂದು ಬರೆದಿರುವವರೆಗೆ ಅವಳನ್ನು ಯಾರೂ ಹುಡುಕುವುದಿಲ್ಲ.

ಗುರುತು: ಎತ್ತರ 5 ಅಡಿ 2 ಅಂಗುಲ, ತೆಳು ಮೈಕಟ್ಟು, ಎಡಗೈ ತೋರುಬೆರಳಿನಲ್ಲಿ ಸೂಜಿ ಹೊಕ್ಕ ಗಾಯದ ಕಲೆ, ನನ್ನ ಶೆಡ್ಡಿನಲ್ಲಿ ಆದದ್ದು. ಹೊರಟಾಗ ಹಸಿರು ಸೀರೆ. ಬೇಗ ಬೇಗ ನಡೆಯುತ್ತಾಳೆ. ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೇ ತಿರುಗುವವಳು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಎರಡು ಕಡೆ ತಪ್ಪಿತ್ತು, ತಿದ್ದಿಸಿದ್ದೇನೆ. ಉಳಿದದ್ದು ನಾನು ಕಂಡಂತೆ, ಕೇಳಿದಂತೆ, ಮಾಡಿದಂತೆ ಇದೆ.

ಸ್ಥಳ: ಪೊಲೀಸ್ ಠಾಣೆ, ಬರೆಯುವವರ ಕೊಠಡಿ
ದಿನಾಂಕ: ಮಾರ್ಚ್ 18, ಬುಧವಾರ, ಬೆಳಿಗ್ಗೆ 11 ಗಂಟೆ 50 ನಿಮಿಷ

ಸಹಿ, ನನ್ನ ಕೈಯಿಂದ
(ನಲವತ್ತೊಂದನೇ ಸೀಟಿನವಳ ಅತ್ತೆ)