ಆರೂವರೆ ಬಸ್ಸಿನ ವಿರುದ್ಧ ಸಹಿ

ಇಂಗ್ಲೆಂಡಿನ ಶ್ರಾಪ್‌ಶೈರಿನ ಹಳ್ಳಿಗಳನ್ನು ಸುತ್ತುವ ಬೆಳಗಿನ ಆರೂವರೆಯ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರಿದ್ದರು. ಗ್ವೆನ್ ಒಂದು ಊರಿನ ಅತಿಥಿಗೃಹದಲ್ಲಿ ಬೆಳಗಿನ ತಿಂಡಿ ಮಾಡುವವಳು, ಥೆಲ್ಮಾ ಅದೇ ಊರಿನ ಶಾಲೆ ಗುಡಿಸುವವಳು.

"ಈ ಬಸ್ಸಿನ ಸದ್ದಿಗೆ ಅತಿಥಿಗಳ ನಿದ್ದೆ ಕೆಡುತ್ತಂತೆ ಥೆಲ್ಮಾ. ಒಂಬತ್ತಕ್ಕೆ ಮೊದ್ಲು ಬಸ್ಸೇ ಬೇಡ ಅಂತ ಯಜಮಾನಿ ಅರ್ಜಿ ಬರೆದಿದಾಳೆ."

"ಎಂಟಕ್ಕೆ ತಿಂಡಿ ಬೇಕಲ್ಲ ಅವರಿಗೆ? ಮೊಟ್ಟೆ ತಾನಾಗೇ ಹೋಗಿ ಬಾಣಲೆಗೆ ಬೀಳತ್ತಾ?"

"ಅದನ್ನ ಯಾರೂ ಯೋಚಿಸಿಲ್ಲ."

"ನೀನು ಹೇಳ್ಬೇಕಿತ್ತು."

"ಹೇಳೋಕೆ ಮೊದ್ಲೇ ಟೀ ಕೊಟ್ಳು. ಬಿಸ್ಕತ್ತೂ ಕೊಟ್ಳು. ಆಮೇಲೆ ಪೆನ್ನು ಕೊಟ್ಳು."

"ಸಹಿ ಹಾಕಿದ್ಯಾ?"

"ಟೀ ಕುಡಿದ ಮೇಲೆ ಇಲ್ಲ ಅನ್ನೋದು ಹೇಗೆ?"

"ನಿನ್ನ ಕೆಲಸ ನೀನೇ ಕಳ್ಕೊಳ್ಳೋಕೆ ಸಹಿ ಹಾಕಿದೀಯ ಕಣೇ. ನಂದನ್ನೂ ಸೇರಿಸಿ."

"ಸಂಜೆ ಪಂಚಾಯ್ತಿಗೆ ಹೋಗತ್ತೆ ಅರ್ಜಿ."

"ಈಗ್ಲೇ ಹೋಗಿ ಹೆಸರು ಹೊಡೆದುಹಾಕು. ಮೊದ್ಲು ಅದು, ಆಮೇಲೆ ಒಲೆ."

"ಈಗ್ಲಾ? ಎಲ್ರೂ ಮಲಗಿರ್ತಾರೆ."

ಬಸ್ಸು ನಿಂತಿತು, ಇಬ್ಬರೂ ಇಳಿದರು. ಅತಿಥಿಗೃಹದ ದಾರಿಗೆ ಜಲ್ಲಿ ಹಾಸಿತ್ತು. ಗ್ವೆನ್ ಸದ್ದಾಗದಂತೆ ಹುಲ್ಲಿನ ಅಂಚು ಹಿಡಿದು ನಡೆದಳು. ಥೆಲ್ಮಾ ಶಾಲೆಯ ಕಡೆ ತಿರುಗಲಿಲ್ಲ. ಜಲ್ಲಿಯ ಮೇಲೆಯೇ ಹೆಜ್ಜೆ ಊರಿ ಊರಿ, ಅವಳ ಹಿಂದೆ ಹೋದಳು.